ಎಆರ್-15 ಇಟ್ಟುಕೊಂಡವರು ಏನನ್ನುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಆರ್-15 ಮಾದರಿಯ ರೈಫಲ್ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಹೆಚ್ಚಾಗಿ ಅಮೆರಿಕದಲ್ಲಿ ಗುಂಡಿನ ದಾಳಿ ನಡೆದ ಮರುದಿನದ ಸುದ್ದಿ. ಅದನ್ನು ದುಡ್ಡು ಕೊಟ್ಟು ಕೊಂಡು, ವಾರಾಂತ್ಯಕ್ಕೆ ಗುರಿ ಅಭ್ಯಾಸದ ಮೈದಾನಕ್ಕೆ, ಅಂದರೆ ರೇಂಜಿಗೆ, ಒಯ್ದು, ಎಣ್ಣೆ ಹಚ್ಚಿ ಒರೆಸಿಡುವ ಕೋಟ್ಯಂತರ ಜನ ಏನು ಯೋಚಿಸುತ್ತಾರೆ ಎಂಬುದು ಆ ಸುದ್ದಿಯಲ್ಲಿ ಇರುವುದಿಲ್ಲ. ಟೆಕ್ಸಾಸ್‌ನಲ್ಲಿ ವಾಸವಾಗಿರುವ ನನಗೆ ಅಂಥವರು ನೆರೆಹೊರೆಯವರು, ಸಹೋದ್ಯೋಗಿಗಳು, ಮಕ್ಕಳ ಸ್ನೇಹಿತರ ಅಪ್ಪ ಅಮ್ಮಂದಿರು. ಅವರ ವಾದವನ್ನು ಓದಿದರೆ ಅವರೇ ‘ಹೌದು, ನಾವು ಹೇಳುವುದು ಇದನ್ನೇ’ ಎನ್ನಬೇಕು, ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ಆ ವಾದ ಎಲ್ಲಿ ಗಟ್ಟಿ, ಎಲ್ಲಿ ಜಾಳು ಎಂಬ ನನ್ನ ಅಭಿಪ್ರಾಯವನ್ನೂ ಮುಚ್ಚಿಟ್ಟಿಲ್ಲ.

ಇದು ನಿಜಕ್ಕೂ ಮಿಲಿಟರಿ ಬಂದೂಕೇ?

ಹುಟ್ಟಿದ ಮನೆ ಒಂದೇ. 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜಿನ್ ಸ್ಟೋನರ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. 1959ರಲ್ಲಿ ಅದರ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಅಲ್ಲಿಂದ ಒಂದು ಕವಲು ಸೈನ್ಯಕ್ಕೆ ಹೋಗಿ ಎಂ16 ಆಯಿತು. ಇನ್ನೊಂದು 1964ರ ಹೊತ್ತಿಗೆ ನಾಗರಿಕರ ಅಂಗಡಿಗೆ ಬಂತು. ವಿಯೆಟ್ನಾಂ ಯುದ್ಧದ ಚಿತ್ರಗಳಲ್ಲಿ ಸೈನಿಕರ ಕೈಯಲ್ಲಿ ಕಾಣುವುದು ಮೊದಲ ಕವಲಿನದು.

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಟ್ರಿಗರಿನ ಹಿಂದಿನ ಯಂತ್ರದ್ದು. ಸೈನ್ಯದ ರೈಫಲಿನಲ್ಲಿ ಒಂದು ಚಿಕ್ಕ ಗುಬುಟು ತಿರುಗಿಸಿದರೆ, ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಅಥವಾ ಮೂರು ಮೂರರಂತೆ ಗುಂಡು ಹಾರುತ್ತದೆ. ನಾಗರಿಕರ ರೈಫಲಿನಲ್ಲಿ ಒಂದು ಸಲ ಒತ್ತಿದರೆ ಒಂದೇ ಈಡು. ಮುಂದಿನ ತೋಟೆ ತಾನಾಗಿಯೇ ಬಂದು ಕೂರುತ್ತದೆ, ಆದರೆ ಬೆರಳು ಬಿಟ್ಟು ಮತ್ತೆ ಒತ್ತಲೇಬೇಕು. ಇದೇ ಸೆಮಿ ಆಟೊಮ್ಯಾಟಿಕ್. ಸತತವಾಗಿ ಗುಂಡು ಹಾರಿಸುವ ಮಷೀನ್ ಗನ್‌ಗಳನ್ನು ಅಮೆರಿಕ 1934ರಲ್ಲೇ ನೋಂದಣಿ ಮತ್ತು ತೆರಿಗೆಯ ಕಟ್ಟಿಗೆ ಒಳಪಡಿಸಿತು. 1986ರ ಮೇ ನಂತರ ತಯಾರಾದವುಗಳನ್ನು ನಾಗರಿಕರು ಕೊಳ್ಳುವಂತೆಯೇ ಇಲ್ಲ.

ಬಂದೂಕು ಪ್ರಿಯರಿಗೆ ಅತಿ ಹೆಚ್ಚು ಕೋಪ ಬರಿಸುವುದು ಈ ವ್ಯತ್ಯಾಸ ಗೊತ್ತಿಲ್ಲದೆ ಆಡುವ ಮಾತು. ಟಿವಿಯಲ್ಲಿ ಕೂತ ರಾಜಕಾರಣಿ ಎರಡನ್ನೂ ಒಂದು ಮಾಡಿ ಮಾತಾಡಿದ ಕೂಡಲೇ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ, ಮುಂದಿನ ಮಾತು ಎಷ್ಟೇ ನ್ಯಾಯವಾಗಿದ್ದರೂ ಸರಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು ಸೇರಿಸಬೇಕು. ಇಂದಿನ ಸೈನಿಕರು ಕೂಡ ಬಹುತೇಕ ಸಂದರ್ಭಗಳಲ್ಲಿ ರೈಫಲನ್ನು ಒಂದೊಂದೇ ಈಡಿಗೆ ಇಟ್ಟುಕೊಂಡು ಗುರಿ ಹಿಡಿಯುತ್ತಾರೆ. ಹಾಗಾಗಿ ವ್ಯತ್ಯಾಸ ನಿಜ, ಅದನ್ನು ಆಕಾಶ ಭೂಮಿಯ ಅಂತರ ಎನ್ನಲಾಗದು.

ಎಷ್ಟು ಜನರ ಬಳಿ ಇದೆ?

ಬಂದೂಕು ಉದ್ಯಮದ ಸಂಘಟನೆ 2022ರಲ್ಲಿ ಕೊಟ್ಟ ಅಂದಾಜಿನಂತೆ ಈ ಬಗೆಯ ರೈಫಲ್‌ಗಳು 2 ಕೋಟಿ 40 ಲಕ್ಷಕ್ಕೂ ಹೆಚ್ಚು ಚಲಾವಣೆಯಲ್ಲಿವೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿಲಿಯಂ ಇಂಗ್ಲಿಷ್ 2021ರಲ್ಲಿ ಸುಮಾರು 16,000 ಬಂದೂಕು ಮಾಲೀಕರನ್ನು ಸಮೀಕ್ಷೆ ಮಾಡಿದಾಗ, ಹತ್ತರಲ್ಲಿ ಮೂವರು ಇಂಥದ್ದೊಂದನ್ನು ಎಂದಾದರೂ ಹೊಂದಿದ್ದೆವು ಎಂದರು. ಬೇರೆ ಸಮೀಕ್ಷೆಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ, ಐವರಲ್ಲಿ ಒಬ್ಬರಷ್ಟು. ಯಾವ ಲೆಕ್ಕ ಹಿಡಿದರೂ ಕೋಟಿಗಳಲ್ಲೇ ಮಾತು.

ಇಷ್ಟಕ್ಕೂ ಇದು ಯಾಕೆ ಬೇಕು?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದರೆ ಹೆಚ್ಚಿನವರು ಮೊದಲು ಪ್ರಶ್ನೆಯನ್ನೇ ತಿರಸ್ಕರಿಸುತ್ತಾರೆ. ಹಕ್ಕು ಎಂದ ಮೇಲೆ ಅಗತ್ಯವನ್ನು ಸಾಬೀತು ಮಾಡುವ ಹೊರೆ ನನ್ನದಲ್ಲ, ಕಿತ್ತುಕೊಳ್ಳಲು ಬರುವ ಸರ್ಕಾರದ್ದು ಎನ್ನುವುದು ಅವರ ನಿಲುವು. ಸಮಾಧಾನದಿಂದ ಕೂತು ಕೇಳಿದರೆ ಕಾರಣಗಳೂ ಬರುತ್ತವೆ.

ಮೇಲೆ ಹೇಳಿದ 2021ರ ಸಮೀಕ್ಷೆಯಲ್ಲಿ ಮಾಲೀಕರು ಒಂದಕ್ಕಿಂತ ಹೆಚ್ಚು ಕಾರಣ ಕೊಡಬಹುದಿತ್ತು. ಶೇಕಡಾ 66 ಮಂದಿ ಗುರಿ ಅಭ್ಯಾಸ ಎಂದರು, ಸುಮಾರು 62 ಮಂದಿ ಮನೆಯ ರಕ್ಷಣೆ ಎಂದರು, ಸುಮಾರು 50 ಮಂದಿ ಬೇಟೆ ಎಂದರು.

ಗುರಿ ಅಭ್ಯಾಸದ ಮಾತು ನೆಪವಲ್ಲ. ಈ ರೈಫಲ್ ಹಗುರ, ಮೂರು ಕಿಲೋ ಆಸುಪಾಸು. ಭುಜಕ್ಕೆ ಒದೆತ ಬಹಳ ಕಡಿಮೆ. ನಮ್ಮ ಕಡೆ ಜೋಡಿನಳಿಗೆ ಕೋವಿಯಲ್ಲಿ ಈಡು ಹೊಡೆದು ಭುಜ ನೀಲಿಗಟ್ಟಿದವರು ಇದನ್ನು ಹಿಡಿದರೆ ಆಶ್ಚರ್ಯಪಡುತ್ತಾರೆ. ಭುಜಕ್ಕೆ ಒರಗಿಸುವ ಹಿಡಿಯನ್ನು ಉದ್ದ ಗಿಡ್ಡ ಮಾಡಬಹುದಾದ್ದರಿಂದ ಆರಡಿ ಗಂಡನೂ ಐದಡಿ ಹೆಂಡತಿಯೂ ಒಂದೇ ರೈಫಲಿನಲ್ಲಿ ಅಭ್ಯಾಸ ಮಾಡಬಹುದು. ಒಹಾಯೊದ ಕ್ಯಾಂಪ್ ಪೆರ್ರಿಯಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದೇ ಬಗೆಯ ರೈಫಲ್ ಹಿಡಿದು 600 ಗಜ ದೂರದ ಗುರಿಗೆ ಹೊಡೆಯುತ್ತಾರೆ.

ಇನ್ನೊಂದು ಆಕರ್ಷಣೆ ಬಿಡಿಭಾಗಗಳದ್ದು. ಮೂಲ ಪೇಟೆಂಟ್‌ಗಳ ಅವಧಿ 1977ರಲ್ಲಿ ಮುಗಿಯಿತು. ಆಮೇಲೆ ಹತ್ತಾರು ಕಂಪನಿಗಳು ತಯಾರಿಸಲು ತೊಡಗಿದವು. ಒಬ್ಬರ ನಳಿಗೆ ಇನ್ನೊಬ್ಬರ ಚೌಕಟ್ಟಿಗೆ ಕೂರುತ್ತದೆ. ದೊಡ್ಡವರ ಲೆಗೋ ಎಂದು ಮಾಲೀಕರೇ ಕರೆಯುತ್ತಾರೆ. ಗ್ಯಾರೇಜಿನಲ್ಲಿ ಬೆಂಚಿನ ಮೇಲೆ ಚಿಕ್ಕ ಪಿನ್ನು, ಸ್ಪ್ರಿಂಗುಗಳನ್ನು ಹರಡಿಕೊಂಡು ಒಂದು ಭಾನುವಾರ ಕಳೆಯುವುದು ಅವರಿಗೆ ಕಾರಿನ ಇಂಜಿನ್ ಬಿಚ್ಚಿ ಜೋಡಿಸುವವರ ಖುಷಿಗೆ ಕಡಿಮೆಯದಲ್ಲ.

ಮನೆಯ ರಕ್ಷಣೆಗೆ ಪಿಸ್ತೂಲು ಸಾಲದೇ?

ಇಲ್ಲಿ ಅವರಲ್ಲೇ ಎರಡು ಪಂಗಡ. ಉದ್ದನೆಯ ಆಯುಧವನ್ನು ಓಣಿಯಂಥ ಜಾಗದಲ್ಲಿ ತಿರುಗಿಸುವುದು ಕಷ್ಟ, ಒಂದು ಕೈಯಲ್ಲಿ ಫೋನು ಹಿಡಿಯಲಾಗದು, ಪಿಸ್ತೂಲೇ ಸರಿ ಎನ್ನುವವರು ಬಹಳ. ರೈಫಲ್ ಪರ ಇರುವವರು ಹೇಳುವುದು: ಗಾಬರಿಯಲ್ಲಿ ಕೈ ನಡುಗುವಾಗ ಪಿಸ್ತೂಲಿನ ಗುರಿ ತಪ್ಪುತ್ತದೆ, ಭುಜ ಮತ್ತು ಎರಡು ಕೈ ಸೇರಿ ಹಿಡಿಯುವ ರೈಫಲ್ ತಪ್ಪುವುದು ಕಡಿಮೆ.

ಇದರ ಹಿಂದೆ ಇನ್ನೊಂದು ಮಾತಿದೆ. ಪೊಲೀಸರು ಬರುವವರೆಗೆ ನಮ್ಮನ್ನು ಕಾಯುವವರು ಯಾರು? ಟೆಕ್ಸಾಸ್‌ನ ಹಳ್ಳಿಗಾಡಿನಲ್ಲಿ ಶೆರಿಫ್ (ಜಿಲ್ಲಾ ಪೊಲೀಸ್) ಕಚೇರಿಯ ವಾಹನ ಬರಲು ಅರ್ಧ ಗಂಟೆ ಹಿಡಿಯುವುದು ಅಪರೂಪವಲ್ಲ. ಹಳೆಯ ಉದಾಹರಣೆಗಳನ್ನೂ ಅವರು ಎತ್ತುತ್ತಾರೆ. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಪೊಲೀಸರು ಹಿಂದೆ ಸರಿದಾಗ ಕೊರಿಯಾ ಮೂಲದ ಅಂಗಡಿಯವರು ಬಂದೂಕು ಹಿಡಿದು ಮಾಳಿಗೆ ಹತ್ತಿ ತಮ್ಮ ಅಂಗಡಿ ಕಾದರು. 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಪೊಲೀಸರು ಜನರ ಬಂದೂಕುಗಳನ್ನು ವಶಪಡಿಸಿಕೊಂಡರು. ಎಲ್ಲಕ್ಕಿಂತ ಹೆಚ್ಚು ಹೇಳುವ ಹೆಸರು ಸ್ಟೀಫನ್ ವಿಲ್ಲಿಫೋರ್ಡ್. 2017ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ದಾಳಿ ನಡೆಯುತ್ತಿದ್ದಾಗ ಹತ್ತಿರದಲ್ಲೇ ಮನೆಯಿದ್ದ ವಿಲ್ಲಿಫೋರ್ಡ್ ತನ್ನ ಎಆರ್-15 ಹಿಡಿದು ಬರಿಗಾಲಲ್ಲಿ ಓಡಿಬಂದು ದಾಳಿಕೋರನನ್ನು ಎದುರಿಸಿದರು. ಕವಚ ತೊಟ್ಟಿದ್ದ ಆತ ಗಾಯಗೊಂಡು ಓಡಿದ.

ಆ ಚರ್ಚಿನಲ್ಲಿ 26 ಜನರನ್ನು ಕೊಂದವನ ಕೈಯಲ್ಲೂ ಅದೇ ಬಗೆಯ ರೈಫಲ್ ಇತ್ತು. ವಿಲ್ಲಿಫೋರ್ಡ್ ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಘಟನೆಯನ್ನು ಅರ್ಧ ಮಾತ್ರ ಹೇಳಿ ನಿಲ್ಲಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬೇಟೆಗೆ 30 ಗುಂಡಿನ ಮ್ಯಾಗಜೀನ್ ಯಾಕೆ?

ಮ್ಯಾಗಜೀನ್ ಎಂದರೆ ರೈಫಲಿಗೆ ಸಿಕ್ಕಿಸುವ ತೋಟೆಗಳ ಡಬ್ಬಿ. ಅಷ್ಟು ದೊಡ್ಡದು ಬೇಕಿಲ್ಲ, ಹಲವು ರಾಜ್ಯಗಳಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಐದಾರು ಗುಂಡಿಗಿಂತ ಹೆಚ್ಚು ತುಂಬುವುದಕ್ಕೆ ಅನುಮತಿಯೂ ಇಲ್ಲ. ಇದರ ಸಾಮಾನ್ಯ ತೋಟೆಯಾದ .223 ಜಿಂಕೆಗೆ ಚಿಕ್ಕದಾಯಿತು, ಪ್ರಾಣಿ ನರಳುತ್ತದೆ ಎಂದು ಕೊಲರಾಡೊ, ವರ್ಜೀನಿಯಾದಂಥ ರಾಜ್ಯಗಳು ಅದನ್ನು ಜಿಂಕೆ ಬೇಟೆಗೆ ಬಿಡುವುದಿಲ್ಲ. ಟೆಕ್ಸಾಸ್‌ನಲ್ಲಿ ಹೊಲ ಉಳುವಂತೆ ನೆಲ ಕೆದಕುವ ಕಾಡುಹಂದಿಯ ಹಿಂಡಿಗೆ ಮಾತ್ರ ಇದು ರೈತರ ಮೆಚ್ಚಿನ ಆಯುಧ. ಮಲೆನಾಡಿನಲ್ಲಿ ಹಂದಿ ಕಾಟ ಉಂಡವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಒಂದಕ್ಕೆ ಗುಂಡು ಬಿದ್ದರೆ ಉಳಿದ ಹತ್ತು ಚದುರುತ್ತವೆ, ಹಾಗಾಗಿ ಬೇಗ ಬೇಗ ಹೊಡೆಯಬೇಕಾಗುತ್ತದೆ.

ಎಲ್ಲ ಬಂದೂಕು ಪ್ರಿಯರೂ ಇದರ ಪರವೇ?

ಇಲ್ಲ. ಹೊರಗಿನವರಿಗೆ ಕಾಣದ ಜಗಳವೆಂದರೆ ಇದೇ.

ಮರದ ಹಿಡಿಯ, ಒಂದೊಂದು ಈಡಿಗೂ ಬೋಲ್ಟ್ ಎಳೆದು ತಳ್ಳುವ ರೈಫಲಿನಲ್ಲಿ ಅಪ್ಪನ ಜೊತೆ ಕಾಡು ಸುತ್ತಿ ಬೆಳೆದ ಹಳೆಯ ತಲೆಮಾರಿನ ಬೇಟೆಗಾರರಲ್ಲಿ ಹಲವರಿಗೆ ಈ ಕಪ್ಪು ರೈಫಲ್ ಸೇರುವುದಿಲ್ಲ. 2007ರಲ್ಲಿ ಜಿಮ್ ಝಂಬೊ ಎಂಬ ಹೆಸರಾಂತ ಬೇಟೆ ಬರಹಗಾರರು, ಇವು ಭಯೋತ್ಪಾದಕರ ರೈಫಲ್‌ಗಳು, ಬೇಟೆಯಲ್ಲಿ ಇವಕ್ಕೆ ಜಾಗವಿಲ್ಲ ಎಂಬ ಅರ್ಥದಲ್ಲಿ ಬರೆದರು. ಕೆಲವೇ ದಿನಗಳಲ್ಲಿ ಅವರ ಟಿವಿ ಕಾರ್ಯಕ್ರಮ, ಅಂಕಣ, ಪ್ರಾಯೋಜಕರು ಎಲ್ಲ ಕೈಬಿಟ್ಟು ಹೋದವು. ಅವರು ಕ್ಷಮೆ ಕೇಳಿದರು. ನಾಲ್ಕು ದಶಕ ದುಡಿದು ಗಳಿಸಿದ ಹೆಸರು ಒಂದು ಬರಹಕ್ಕೆ ಅಲುಗಿದ್ದನ್ನು ಕಂಡ ಮೇಲೆ ಈ ಉದ್ಯಮದಲ್ಲಿ ಬೇರೆಯವರು ಬಾಯಿ ಬಿಡಲು ಹೆದರಿದರು. ಬಂದೂಕು ಪ್ರಿಯರ ಧ್ವನಿ ಹೊರಗೆ ಒಂದೇ ಸ್ವರದಲ್ಲಿ ಕೇಳಿಸುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಅದಕ್ಕೂ ಹಿಂದೆ, 1989ರಲ್ಲಿ, ರೂಗರ್ ಕಂಪನಿಯ ಸ್ಥಾಪಕ ಬಿಲ್ ರೂಗರ್ ಅಮೆರಿಕದ ಸಂಸತ್ತಿಗೆ ಪತ್ರ ಬರೆದು ರೈಫಲ್ ನಿಷೇಧಿಸುವ ಬದಲು ಮ್ಯಾಗಜೀನನ್ನು 15 ಗುಂಡಿಗೆ ಸೀಮಿತಗೊಳಿಸಿ ಎಂದರು. ಅವರು ತೀರಿಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಇಂದಿಗೂ ರೇಂಜಿನಲ್ಲಿ ಅವರ ಹೆಸರೆತ್ತಿದರೆ ದ್ರೋಹಿ ಎನ್ನುವವರು ಸಿಗುತ್ತಾರೆ.

ಫ್ಲಾರಿಡಾದ ಪಾರ್ಕ್‌ಲೆಂಡ್ ಶಾಲೆಯಲ್ಲಿ 2018ರ ಫೆಬ್ರವರಿಯಲ್ಲಿ 17 ಜನ ಸತ್ತ ಮೇಲೆ ತಮ್ಮ ಎಆರ್-15 ಅನ್ನು ಗರಗಸದಿಂದ ತುಂಡು ಮಾಡಿ ವಿಡಿಯೊ ಹಾಕಿದ ಮಾಲೀಕರೂ ಇದ್ದಾರೆ. ಅದೇ ಹೊತ್ತಿಗೆ ಅಂಗಡಿಗೆ ಹೋಗಿ ಇನ್ನೊಂದು ಕೊಂಡವರೂ ಇದ್ದಾರೆ. ನಿಷೇಧದ ಮಾತು ಎದ್ದಾಗೆಲ್ಲ ಮಾರಾಟ ಏರುವುದು ಅಲ್ಲಿನ ವ್ಯಾಪಾರಿಗಳಿಗೆ ಬಾಯಿಪಾಠ.

ಮಾಲೀಕರೆಲ್ಲ ಬಲಪಂಥೀಯ ಬಿಳಿಯ ಗಂಡಸರು ತಾನೇ?

ಬಹುಪಾಲು ಗಂಡಸರು, ಬಹುಪಾಲು ರಿಪಬ್ಲಿಕನ್ ಒಲವಿನವರು ಎನ್ನುವುದು ಸಮೀಕ್ಷೆಗಳಲ್ಲಿ ಕಾಣುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಆಫ್ರಿಕನ್ ಅಮೆರಿಕನ್ನರ ರಾಷ್ಟ್ರೀಯ ಬಂದೂಕು ಸಂಘ 2015ರಲ್ಲಿ ಶುರುವಾಗಿ ದೇಶದ ತುಂಬ ಶಾಖೆ ತೆರೆದಿದೆ. ಅವರು ನೆನಪಿಸುವ ಇತಿಹಾಸವೇ ಬೇರೆ. 1964ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದ ಡೀಕನ್ಸ್ ಫಾರ್ ಡಿಫೆನ್ಸ್ ಎಂಬ ಕಪ್ಪು ಜನರ ಪಡೆ, ನಾಗರಿಕ ಹಕ್ಕು ಹೋರಾಟಗಾರರನ್ನು ಬಿಳಿಯರ ಜನಾಂಗದ್ವೇಷಿ ಗುಂಪಾದ ಕೂ ಕ್ಲಕ್ಸ್ ಕ್ಲಾನಿನಿಂದ ಕಾಯಲು ಬಂದೂಕು ಹಿಡಿದು ರಾತ್ರಿಯಿಡೀ ಪಹರೆ ನಿಂತಿತ್ತು. 1967ರಲ್ಲಿ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕು ಹಿಡಿದು ಗಸ್ತು ತಿರುಗತೊಡಗಿದಾಗ ಗುಂಡು ತುಂಬಿದ ಬಂದೂಕನ್ನು ಬೀದಿಯಲ್ಲಿ ಹಿಡಿದು ತಿರುಗುವುದನ್ನು ತಡೆಯುವ ಮಲ್‌ಫರ್ಡ್ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ಅವಸರವಾಗಿ ತಂದಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ಬಂದೂಕು ನಿಯಂತ್ರಣ ಯಾರ ಮೇಲೆ ಮೊದಲು ಬೀಳುತ್ತದೆ ಎಂದು ಈ ಸಂಘದವರು ಕೇಳಿದಾಗ ನನ್ನ ಬಳಿ ಸುಲಭದ ಉತ್ತರವಿಲ್ಲ.

ಸರ್ಕಾರದ ವಿರುದ್ಧ ಹೋರಾಡಲು ಬೇಕು ಎನ್ನುತ್ತಾರಲ್ಲ?

ಎಲ್ಲರೂ ಹೇಳುವುದಿಲ್ಲ, ಆದರೆ ಗಾಢವಾಗಿ ನಂಬುವವರಿದ್ದಾರೆ. ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಹೇಳುವ, ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರದ್ದು. ಬ್ರಿಟಿಷ್ ದೊರೆಯ ಸೈನ್ಯದೊಡನೆ ಕಾದಾಡಿ ಬಂದವರು ಬರೆದದ್ದು, ಬಾತುಕೋಳಿ ಬೇಟೆಗಾಗಿ ಬರೆದದ್ದಲ್ಲ ಎನ್ನುವುದು ಅವರ ವಾದದ ಬುಡ. ಟೆನೆಸ್ಸಿಯ ಅಥೆನ್ಸ್ ಊರಿನ ಕಥೆಯನ್ನು ಅವರು ಪ್ರೀತಿಯಿಂದ ಹೇಳುತ್ತಾರೆ. 1946ರ ಆಗಸ್ಟ್‌ನಲ್ಲಿ, ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು, ಮತಪೆಟ್ಟಿಗೆಗಳನ್ನು ಜೈಲಿನೊಳಗೆ ಒಯ್ದು ಎಣಿಸಲು ಹೊರಟ ಸ್ಥಳೀಯ ಅಧಿಕಾರಿಗಳ ವಿರುದ್ಧ ಬಂದೂಕು ಹಿಡಿದು ಮತಪೆಟ್ಟಿಗೆಗಳನ್ನು ಬಿಡಿಸಿಕೊಂಡರು.

ಟ್ಯಾಂಕು, ಡ್ರೋನುಗಳ ಮುಂದೆ ರೈಫಲ್ ಏನು ಮಾಡೀತು ಎಂದು ಕೇಳಿದರೆ ವಿಯೆಟ್ನಾಂ ನೋಡಿ, ಅಫ್ಘಾನಿಸ್ತಾನ ನೋಡಿ ಎನ್ನುತ್ತಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ಯಾವ ಸರ್ಕಾರ ದಬ್ಬಾಳಿಕೆಯದು ಎಂದು ತೀರ್ಮಾನಿಸುವ ಅಧಿಕಾರವನ್ನು ಒಬ್ಬೊಬ್ಬ ಬಂದೂಕಿನ ಮಾಲೀಕನೂ ಕೈಗೆತ್ತಿಕೊಂಡರೆ ಮತ ಹಾಕಿದ ಉಳಿದವರ ಗತಿಯೇನು? ಆದರೂ ಇದನ್ನು ಹುಚ್ಚು ಎಂದು ತಳ್ಳಿಹಾಕುವುದರಿಂದ ಏನೂ ಸಾಧಿಸಿದಂತಾಗದು. ರೈಫಲಿನ ಜಗಳದ ಒಳಗಿರುವುದು ಸರ್ಕಾರವನ್ನು ಎಷ್ಟು ನಂಬಬೇಕು ಎಂಬ ಜಗಳ. ನಂಬಿಕೆ ಮುರಿದವನಿಗೆ ‘ಕೊಟ್ಟುಬಿಡು, ನಾವು ಕಾಯುತ್ತೇವೆ’ ಎಂದರೆ ಅವನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ.

1994ರ ನಿಷೇಧದಿಂದ ಏನಾಯಿತು?

1994ರ ಸೆಪ್ಟೆಂಬರ್ 13ರಂದು ಇಂಥ ರೈಫಲ್‌ಗಳ ಮೇಲೆ ಜಾರಿಗೆ ಬಂದ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಹತ್ತು ವರ್ಷಕ್ಕೆ ಸೀಮಿತವಾಗಿತ್ತು. ಕೆಲವು ಮಾದರಿಗಳನ್ನು ಹೆಸರಿಸಿ ನಿಷೇಧಿಸಿತು. ಉಳಿದವಕ್ಕೆ ಲಕ್ಷಣಗಳ ಪಟ್ಟಿ ಮಾಡಿತು: ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಬದಿ, ನಳಿಗೆಯ ತುದಿಗೆ ಬಯೊನೆಟ್ ಚೂರಿ ಸಿಕ್ಕಿಸುವ ಕೊಂಡಿ, ಬೆಂಕಿಯ ಹೊಳಪು ತಗ್ಗಿಸುವ ನಳಿಗೆಯ ತುದಿ. ಕಳಚುವ ಮ್ಯಾಗಜೀನ್ ಜೊತೆಗೆ ಇವುಗಳಲ್ಲಿ ಎರಡಿದ್ದರೆ ಆ ರೈಫಲನ್ನು ಹೊಸದಾಗಿ ಮಾರುವಂತಿಲ್ಲ. ಹತ್ತಕ್ಕಿಂತ ಹೆಚ್ಚು ಗುಂಡಿನ ಹೊಸ ಮ್ಯಾಗಜೀನೂ ಇಲ್ಲ. ಮೊದಲೇ ಇದ್ದವು ಹಾಗೇ ಇರಬಹುದು.

ಕಂಪನಿಗಳು ಕೊಂಡಿ ತೆಗೆದವು, ನಳಿಗೆಯ ತುದಿ ಬದಲಿಸಿದವು, ಅದೇ ರೈಫಲನ್ನು ಹೊಸ ಹೆಸರಿನಲ್ಲಿ ಮಾರಿದವು. ಬಂದೂಕು ಪ್ರಿಯರ ಅತ್ಯಂತ ಗಟ್ಟಿ ವಾದ ಇಲ್ಲಿದೆ. ರೂಗರ್ ಮಿನಿ-14 ಎಂಬ ರೈಫಲ್ ನೋಡಿ ಎನ್ನುತ್ತಾರೆ. ಮರದ ಹಿಡಿ, ಅಜ್ಜನ ಕೋವಿಯಂಥ ರೂಪ. ಹಾರಿಸುವುದು ಅದೇ .223 ತೋಟೆ, ಅದೇ ಒಂದು ಒತ್ತಿಗೆ ಒಂದು ಈಡು, ಅದೇ ಕಳಚುವ ಮ್ಯಾಗಜೀನ್. 1994ರ ಕಾನೂನು ಅದರ ಸಾದಾ ಮಾದರಿಯನ್ನು ಹೆಸರಿಟ್ಟು ವಿನಾಯಿತಿ ಕೊಟ್ಟಿತ್ತು! ಹಾಗಾದರೆ ನಿಷೇಧ ಬಂದದ್ದು ಕೊಲ್ಲುವ ಶಕ್ತಿಗೋ, ಕಪ್ಪು ಬಣ್ಣಕ್ಕೋ?

ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಅದು ಎರಡೂ ಕಡೆ ಕೊಯ್ಯುತ್ತದೆ. 1989ರಲ್ಲಿ ಮಾಂಟ್ರಿಯಲ್‌ನ ತಾಂತ್ರಿಕ ಕಾಲೇಜಿನಲ್ಲಿ 14 ಹೆಣ್ಣುಮಕ್ಕಳನ್ನು ಕೊಂದವನು ಬಳಸಿದ್ದು ಮಿನಿ-14. 2011ರಲ್ಲಿ ನಾರ್ವೆಯ ಉಟೊಯಾ ದ್ವೀಪದಲ್ಲಿ ಎಳೆಯರನ್ನು ಬೇಟೆಯಾಡಿದವನ ಕೈಯಲ್ಲೂ ಅದೇ ಇತ್ತು. ಎರಡೂ ಒಂದೇ ಎಂದ ಮೇಲೆ ಎರಡನ್ನೂ ಬಿಡಬೇಕು ಎನ್ನಬಹುದು, ಎರಡನ್ನೂ ಕಟ್ಟಬೇಕು ಎಂದೂ ಎನ್ನಬಹುದು. ಕೆನಡಾ 2020ರ ಮೇ ತಿಂಗಳಲ್ಲಿ ಎರಡನೆಯದನ್ನೇ ಮಾಡಿತು.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಅಪರಾಧಶಾಸ್ತ್ರಜ್ಞ ಕ್ರಿಸ್ಟೊಫರ್ ಕೋಪರ್ ಅಮೆರಿಕದ ನ್ಯಾಯ ಇಲಾಖೆಗಾಗಿ 2004ರಲ್ಲಿ ನಡೆಸಿದ ಅಧ್ಯಯನ, ಒಟ್ಟಾರೆ ಬಂದೂಕು ಹಿಂಸೆಯ ಮೇಲೆ ನಿಷೇಧದ ಪರಿಣಾಮ ಅಳೆಯಲಾಗದಷ್ಟು ಚಿಕ್ಕದಿರಬಹುದು ಎಂದಿತು. ಸಾಮೂಹಿಕ ದಾಳಿಗಳ ವಿಷಯಕ್ಕೆ ಬಂದರೆ, ರೈಫಲಿನ ರೂಪಕ್ಕಿಂತ ದೊಡ್ಡ ಮ್ಯಾಗಜೀನ್ ಮೇಲಿನ ಮಿತಿ ಹೆಚ್ಚು ಕೆಲಸ ಮಾಡೀತು ಎಂಬ ಕಡೆಗೆ ಸಂಶೋಧಕರ ಒಲವಿದೆ. ಮುದುಕ ರೂಗರ್ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

ರೈಫಲಿಗಿಂತ ಚಾಕುವಿನಿಂದ ಹೆಚ್ಚು ಜನ ಸಾಯುತ್ತಾರೆ ಎಂಬುದು ನಿಜವೇ?

ಎಫ್‌ಬಿಐ ಲೆಕ್ಕದಲ್ಲಿ ನಿಜ. 2019ರಲ್ಲಿ ಎಲ್ಲ ಬಗೆಯ ರೈಫಲ್ ಸೇರಿ ದಾಖಲಾದ ಕೊಲೆಗಳು 364. ಚಾಕು ಚೂರಿಯಿಂದ 1,476. ಬರಿಗೈ, ಕಾಲಿನ ಹೊಡೆತದಿಂದಲೇ 600. ಪಿಸ್ತೂಲಿನಿಂದ 6,368. ಇನ್ನು 3,000ಕ್ಕೂ ಹೆಚ್ಚು ಕೊಲೆಗಳಲ್ಲಿ ಬಂದೂಕಿನ ಬಗೆ ಯಾವುದೆಂದು ದಾಖಲಾಗಿಲ್ಲ, ಆ ಮಾತನ್ನು ಈ ಅಂಕಿ ಹೇಳುವವರು ಸಾಮಾನ್ಯವಾಗಿ ಬಿಡುತ್ತಾರೆ.

ಈ ಅಂಕಿಯಿಂದ ವಾದ ಮುಗಿಯಿತು ಎಂದುಕೊಳ್ಳುವುದು ಬಂದೂಕು ಪ್ರಿಯರ ಅತ್ಯಂತ ಜಾಳಾದ ಜಾಗ ಎಂದು ನಾನು ನೇರವಾಗಿ ಹೇಳುತ್ತೇನೆ. ಸಾಮೂಹಿಕ ದಾಳಿಗಳನ್ನು ನೋಡಿ: ಲಾಸ್ ವೇಗಸ್, 2017, 60 ಸಾವು. ಆರ್ಲ್ಯಾಂಡೊ, 2016, 49. ಸ್ಯಾಂಡಿ ಹುಕ್ ಶಾಲೆ, 2012, 26, ಅವರಲ್ಲಿ 20 ಪುಟ್ಟ ಮಕ್ಕಳು. ಟೆಕ್ಸಾಸ್‌ನ ಯುವಾಲ್ಡಿ ಶಾಲೆ, 2022, 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು. ಎಲ್ಲದರಲ್ಲೂ ಈ ಬಗೆಯ ರೈಫಲ್. ವರ್ಜೀನಿಯಾ ಟೆಕ್‌ನಲ್ಲಿ 2007ರಲ್ಲಿ 32 ಜನ ಸತ್ತದ್ದು ಪಿಸ್ತೂಲಿನಿಂದ, ಹಾಗಾಗಿ ರೈಫಲ್ ಇಲ್ಲದಿದ್ದರೂ ನಡೆಯುತ್ತದೆ ಎನ್ನುತ್ತಾರೆ. ನಡೆಯುತ್ತದೆ. ಆದರೆ 9 ಎಂಎಂ ಪಿಸ್ತೂಲಿನ ಗುಂಡು ಸೆಕೆಂಡಿಗೆ 350 ಮೀಟರ್ ಆಸುಪಾಸಿನಲ್ಲಿ ಹೋದರೆ .223 ಗುಂಡು 900 ಮೀಟರ್ ದಾಟುತ್ತದೆ. ದೇಹದೊಳಗೆ ಅದು ಮಾಡುವ ಗಾಯವನ್ನು ಕಂಡ ಶಸ್ತ್ರಚಿಕಿತ್ಸಕರು ಹೊಲಿಯಲು ಏನೂ ಉಳಿದಿರುವುದಿಲ್ಲ ಎನ್ನುತ್ತಾರೆ. ಸಾದಾ ಪೊಲೀಸ್ ಕವಚ ಅದನ್ನು ತಡೆಯುವುದಿಲ್ಲ.

ಯುವಾಲ್ಡಿಯಲ್ಲಿ 376 ಅಧಿಕಾರಿಗಳು ಬಂದರೂ ತರಗತಿಯ ಬಾಗಿಲು ದಾಟಲು 77 ನಿಮಿಷ ಹಿಡಿಯಿತು. ಪೊಲೀಸರನ್ನು ನಂಬಿ ಕೂರಬಾರದು ಎಂಬುದಕ್ಕೆ ಇದೇ ಸಾಕ್ಷಿ ಎನ್ನುತ್ತಾರೆ ಬಂದೂಕು ಪ್ರಿಯರು. ಒಳಗಿದ್ದ ರೈಫಲಿಗೆ ಹೆದರಿದೆವು ಎಂದು ಆಮೇಲೆ ತನಿಖೆಯಲ್ಲಿ ಹೇಳಿದ ಅಧಿಕಾರಿಗಳೂ ಇದ್ದಾರೆ. ಆ ಎರಡೂ ಮಾತು ನಿಜ. ಎರಡನ್ನೂ ಒಟ್ಟಿಗೆ ಎದುರಿಸದೆ ಈ ಚರ್ಚೆ ಒಂದು ಹೆಜ್ಜೆಯೂ ಮುಂದೆ ಹೋಗದು.

ಅಂಗಡಿಗೆ ಹೋಗಿ ತರಕಾರಿಯಂತೆ ಕೊಳ್ಳಬಹುದೇ?

ಲೈಸೆನ್ಸ್ ಇರುವ ವ್ಯಾಪಾರಿಯಿಂದ ಕೊಳ್ಳುವಾಗ ಫಾರಂ 4473 ಎಂಬ ಸರ್ಕಾರಿ ನಮೂನೆ ತುಂಬಬೇಕು, ಎಫ್‌ಬಿಐ ನಡೆಸುವ ಹಿನ್ನೆಲೆ ಪರಿಶೀಲನೆ ಆಗಬೇಕು. ಇದು ಹೆಚ್ಚಿನ ಸಲ ನಿಮಿಷಗಳಲ್ಲಿ ಮುಗಿಯುತ್ತದೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಈ ಪರಿಶೀಲನೆ ಕಡ್ಡಾಯವಿಲ್ಲ. ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು ಫೆಡರಲ್ ಕಾನೂನಿನಲ್ಲಿ 21 ವರ್ಷ, ರೈಫಲಿಗೆ 18. ಯುವಾಲ್ಡಿಯ ದಾಳಿಕೋರ 18 ತುಂಬಿದ ಬೆನ್ನಿಗೇ ಎರಡು ರೈಫಲನ್ನು ಕಾನೂನಿನಂತೆಯೇ ಕೊಂಡಿದ್ದ. ಆಮೇಲೆ 2022ರ ಫೆಡರಲ್ ಕಾನೂನು 21ಕ್ಕಿಂತ ಕೆಳಗಿನವರಿಗೆ ಹೆಚ್ಚುವರಿ ಪರಿಶೀಲನೆ ಸೇರಿಸಿತು. ಫ್ಲಾರಿಡಾ 2018ರಲ್ಲೇ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತ್ತು. ಅಲ್ಲಿ ಆಗ ಅಧಿಕಾರದಲ್ಲಿದ್ದದ್ದು ಬಂದೂಕು ಹಕ್ಕಿನ ಪರವಾದ ರಿಪಬ್ಲಿಕನ್ನರೇ. ನಾನು ಮಾತಾಡಿಸಿದ ಮಾಲೀಕರಲ್ಲಿ ನಿಷೇಧಕ್ಕೆ ಉರಿದು ಬೀಳುವವರೂ ವಯಸ್ಸಿನ ಮಾತಿಗೆ ಬಂದಾಗ ಸ್ವಲ್ಪ ತಡೆದು ಯೋಚಿಸುತ್ತಾರೆ. ಒಮ್ಮತ ಸಾಧ್ಯವಿದ್ದರೆ ಅದು ಇಲ್ಲೇ ಎಂದು ನನ್ನ ನಂಬಿಕೆ.

ರೇಂಜಿನಲ್ಲಿ ನಿಜಕ್ಕೂ ಹೇಗಿರುತ್ತದೆ?

ಹೋಗಿ ನೋಡದವರು ಗದ್ದಲ, ಅಬ್ಬರ ಎಂದುಕೊಂಡಿರುತ್ತಾರೆ. ಶಬ್ದವಿದೆ, ಅಬ್ಬರವಿಲ್ಲ. ರೇಂಜ್ ಅಧಿಕಾರಿ ನಿಲ್ಲಿಸಿ ಎಂದು ಕೂಗಿದ ಕೂಡಲೇ ಸಾಲಿನಲ್ಲಿರುವ ಎಲ್ಲರೂ ಮ್ಯಾಗಜೀನ್ ಕಳಚಿ, ಬೋಲ್ಟನ್ನು ಹಿಂದಕ್ಕೆಳೆದು ಸಿಕ್ಕಿಸಿ, ತೋಟೆ ಕೂರುವ ಗೂಡಿಗೆ ಹಳದಿ ಪ್ಲಾಸ್ಟಿಕ್ಕಿನ ಚಿಕ್ಕ ಬಾವುಟ ತೂರಿಸುತ್ತಾರೆ. ಒಳಗೆ ಗುಂಡಿಲ್ಲ ಎಂದು ದೂರದಿಂದಲೇ ಕಾಣಲಿ ಎಂದು ಆ ಬಾವುಟ. ಆಮೇಲೆ ಎಲ್ಲರೂ ನೆಲದ ಮೇಲಿನ ಕೆಂಪು ಗೆರೆಯ ಹಿಂದೆ ಬಂದು ಕೈ ಕಟ್ಟಿ ನಿಲ್ಲುತ್ತಾರೆ. ಗುರಿಹಲಗೆ ಬದಲಿಸಲು ಹೋದವರು ಮರಳುವವರೆಗೆ ಬೆಂಚಿನ ಕಡೆ ಯಾರೂ ಬೆರಳು ಚಾಚುವುದಿಲ್ಲ. ಹೊಸ ಹುಡುಗನೊಬ್ಬ ಬಿದ್ದ ಕಿವಿಮುಚ್ಚಳ ಎತ್ತಲು ಗೆರೆ ದಾಟಿದರೆ ನಾಲ್ಕು ಜನ ಒಟ್ಟಿಗೆ ‘ಹಿಂದೆ ಬಾ’ ಎನ್ನುತ್ತಾರೆ. ಈ ಶಿಸ್ತು ಕಂಡವರಿಗೆ ‘ನಮ್ಮಂಥವರನ್ನು ಯಾಕೆ ಅಪರಾಧಿಗಳಂತೆ ಕಾಣುತ್ತೀರಿ’ ಎಂಬ ಅವರ ನೋವು ತಿಳಿಯುತ್ತದೆ.

ನಮ್ಮ ಮಗು ಸ್ನೇಹಿತರ ಮನೆಗೆ ಆಡಲು ಹೋಗುತ್ತದೆ. ಅಲ್ಲಿ ಬಂದೂಕಿದೆಯೇ ಎಂದು ಕೇಳಬಹುದೇ?

ದಯವಿಟ್ಟು ಕೇಳಿ. ಕನ್ನಡದ ಅಪ್ಪ ಅಮ್ಮಂದಿರು ಸಂಕೋಚಪಡುವುದನ್ನು ಬಹಳ ನೋಡಿದ್ದೇನೆ, ‘ಅವರೇನಂದುಕೊಂಡಾರು’ ಎಂದು. ನಾಯಿ ಇದೆಯೇ, ಈಜುಕೊಳಕ್ಕೆ ಬೇಲಿ ಇದೆಯೇ ಎಂದು ಕೇಳುವ ಹಾಗೇ ‘ಬಂದೂಕಿದ್ದರೆ ಬೀಗ ಹಾಕಿಟ್ಟಿದ್ದೀರಾ’ ಎಂದು ಕೇಳಿ. ಜವಾಬ್ದಾರಿಯ ಮಾಲೀಕರು ಬೇಜಾರು ಮಾಡಿಕೊಳ್ಳುವುದಿಲ್ಲ, ಕಪಾಟನ್ನೇ ತೋರಿಸುತ್ತಾರೆ. ಗುಂಡು ಇಳಿಸಿ, ಬೀಗ ಹಾಕಿ, ತೋಟೆಗಳನ್ನು ಬೇರೆ ಕಡೆ ಬೀಗದೊಳಗೆ ಇಡುವುದು ಸರಿಯಾದ ಕ್ರಮ. ಉತ್ತರ ಹಾರಿಕೆಯದ್ದಾದರೆ ಮಕ್ಕಳನ್ನು ನಿಮ್ಮ ಮನೆಗೇ ಕರೆಸಿಕೊಳ್ಳಿ.

ಕೊಡಗಿನಲ್ಲೂ ಮನೆಮನೆಯಲ್ಲಿ ಕೋವಿ ಇದೆಯಲ್ಲ, ಇದೂ ಅದೂ ಒಂದೇ ಅಲ್ಲವೇ?

ಹೋಲಿಕೆ ಇದೆ, ಅರ್ಧದವರೆಗೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ (ಕೋವಿ ಹೂ) ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೋವಿ ಅಲ್ಲಿ ಮನೆತನದ ಗೌರವ. ‘ನನ್ನ ತಾತನ ರೈಫಲ್ ಇದು’ ಎನ್ನುವ ಟೆಕ್ಸಾಸ್ ರೈತನ ದನಿಯಲ್ಲೂ ಅದೇ ಭಾವ ಕೇಳುತ್ತದೆ.

ಬೇರೆಯಾಗುವುದು ಆಯುಧದ ಬಗೆಯಲ್ಲಿ ಮತ್ತು ಕಟ್ಟುಪಾಡಿನಲ್ಲಿ. ನಮ್ಮ ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಸಿಗುವುದು ಒಂಟಿನಳಿಗೆ ಅಥವಾ ಜೋಡಿನಳಿಗೆ ಕೋವಿ. ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ ಇಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇಡುವಂತಿಲ್ಲ. ಭಾರತದ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಎನ್ನುವುದು ಸರ್ಕಾರ ಕೊಡುವ ಅನುಮತಿ. ಅಮೆರಿಕದ ಮಾಲೀಕನಿಗೆ ಅದು ಹುಟ್ಟಿನಿಂದ ಬಂದ ಹಕ್ಕು. ನಮ್ಮ ಕಡೆಯವರು ಅವರ ವಾದ ಕೇಳಿ ತಲೆಯಾಡಿಸಲು ಕಷ್ಟಪಡುವುದು ಈ ಒಂದು ಕಾರಣಕ್ಕೆ.

ಕೋರ್ಟುಗಳು ಏನು ಹೇಳಿವೆ?

2008ರ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. ಸಾಮಾನ್ಯ ಬಳಕೆಯಲ್ಲಿರುವ ಆಯುಧಕ್ಕೆ ರಕ್ಷಣೆ ಉಂಟು ಎಂದ ಅದೇ ತೀರ್ಪು, ಎಂ16ನಂಥವನ್ನು ನಿಷೇಧಿಸಬಹುದು ಎಂಬ ಅರ್ಥದ ಮಾತನ್ನೂ ಆಡಿದೆ. ಪರ ವಿರೋಧದ ಇಬ್ಬರೂ ತಮಗೆ ಬೇಕಾದ ಸಾಲು ಹಿಡಿದು ಕೂತಿದ್ದಾರೆ. 2022ರ ಬ್ರೂಯೆನ್ ತೀರ್ಪು, ಬಂದೂಕಿನ ಕಾನೂನು ದೇಶದ ಐತಿಹಾಸಿಕ ಸಂಪ್ರದಾಯಕ್ಕೆ ಹೊಂದಬೇಕು ಎಂದಿತು. ಇಂಥ ರೈಫಲ್‌ಗಳ ಮೇಲೆ ಮೇರಿಲೆಂಡ್ ರಾಜ್ಯ ಹೇರಿದ ನಿಷೇಧವನ್ನು ಮೇಲ್ಮನವಿ ಕೋರ್ಟ್ 2024ರಲ್ಲಿ ಎತ್ತಿಹಿಡಿಯಿತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಮೂವರು ನ್ಯಾಯಮೂರ್ತಿಗಳು ಕೈಗೆತ್ತಿಕೊಳ್ಳಬೇಕಿತ್ತು ಎಂದರು. ಇನ್ನೊಬ್ಬ ನ್ಯಾಯಮೂರ್ತಿ ಕ್ಯಾವನಾ ಅವರು ಮುಂದಿನ ಒಂದೆರಡು ಅವಧಿಯಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾದೀತು ಎಂದು ಬರೆದರು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇರಿಲೆಂಡ್, ಡೆಲವೇರ್, ಇಲಿನಾಯ್, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಬೇರೆ ಬೇರೆ ಬಗೆಯ ನಿಷೇಧವಿದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನ ರೈಫಲನ್ನು ರೇಂಜಿನಲ್ಲಿ ಒಮ್ಮೆ ಹೊಡೆದು ನೋಡಬಹುದೇ?

ಹಾಗೇ ಹೋಗಿ ಹಿಡಿಯಬೇಡಿ. ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಫೆಡರಲ್ ಅಪರಾಧ. ಕೈಯಲ್ಲಿ ಹಿಡಿದು ಹೊಡೆಯುವುದೂ ಹೊಂದುವುದರ ಲೆಕ್ಕಕ್ಕೇ ಬರುತ್ತದೆ, ರೇಂಜಿನವರ ಬಾಡಿಗೆ ಬಂದೂಕಾದರೂ ಅಷ್ಟೇ. ವಿನಾಯಿತಿಗಳಲ್ಲಿ ಸಾಮಾನ್ಯರಿಗೆ ಎಟುಕುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದಿದ್ದರೂ ನೀವಿರುವ ರಾಜ್ಯದ ಕಾನೂನನ್ನು ಬೇರೆಯಾಗಿ ನೋಡಬೇಕು. ಎಚ್-4, ಎಫ್-1, ಎಲ್-1 ವೀಸಾದವರಿಗೂ, ಊರಿಂದ ಬಂದ ಅಪ್ಪ ಅಮ್ಮನ ಬಿ-2 ವೀಸಾಕ್ಕೂ ಇದೇ ನಿಯಮ. ಹಸಿರು ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಒಂದು ಫೋಟೊಗಾಗಿ ರೈಫಲ್ ಹಿಡಿದು ಫೇಸ್‌ಬುಕ್ಕಿಗೆ ಹಾಕಿ, ವರ್ಷಗಟ್ಟಲೆ ಕಾದ ಹಸಿರು ಕಾರ್ಡಿನ ಅರ್ಜಿಗೆ ಕುತ್ತು ತಂದುಕೊಳ್ಳಬೇಡಿ. ಅನುಮಾನವಿದ್ದರೆ ರೇಂಜಿನವರನ್ನಲ್ಲ, ವಲಸೆ ವಕೀಲರನ್ನು ಕೇಳಿ.